ದಪ್ಪ ಗಾಲಿಯ ಕಾರು

ಕುಷ್ಟಗಿಯ ಬಾಡಿಗೆ ಕಾರಿನ ಮೌನೇಶನಿಗೆ ತನ್ನ ಗಾಡಿ ಹಳೆಯದೆಂಬ ಕೊರಗು. ಹೊಸದು ಕೊಳ್ಳುವ ತಾಕತ್ತಿಲ್ಲ, ಗಾಲಿ ಬದಲಿಸಿದ. ಕಂಪನಿ ಕೊಟ್ಟ ಸಣ್ಣ ಗಾಲಿ ತೆಗೆಸಿ, ಅಗಲ ಟೈರಿನ, ಥಳಥಳ ಹೊಳೆಯುವ, ಭಾರದ ಗಾಲಿ ಹಾಕಿಸಿದ.

“ಡೀಸೆಲ್ ಜಾಸ್ತಿ ಕುಡೀತದ, ನೋಡ್ಕೊ,” ಎಂದ ಅಂಗಡಿಯವನು.

ಸ್ಟ್ಯಾಂಡಿನ ಗೆಳೆಯ ಶರೀಫ, “ಏನಲೇ, ಗಾಡಿಗೆ ಆನೆಕಾಲು ರೋಗ ಬಂತೇನು?” ಎಂದ. ಹೊಟ್ಟೆಕಿಚ್ಚು ಅಂದುಕೊಂಡ ಮೌನೇಶ.

ಅವನ ಕಾರಿನಲ್ಲಿ ಡೀಸೆಲ್ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಅವನಿಗದು ಬೇಕಾಗಿಯೂ ಇರಲಿಲ್ಲ. ಊರುಗಳೇ ಅಳತೆ. ಇಷ್ಟು ಹಾಕಿಸಿದರೆ ಮುದಗಲ್ಲು ಮುಟ್ಟಬಹುದು, ಇನ್ನಿಷ್ಟು ಹಾಕಿಸಿದರೆ ಲಿಂಗಸುಗೂರು ದಾಟಬಹುದು. ವರ್ಷಗಟ್ಟಲೆ ತಪ್ಪದ ಲೆಕ್ಕ.

ಆ ವಾರವೇ ಅದೇ ಊರಿನ ಹುಲಿಗೆವ್ವ ಕಾರು ಕೇಳಿಕೊಂಡು ಬಂದಳು. ಲಿಂಗಸುಗೂರಿನಾಚೆಯ ಹಳ್ಳಿಯಲ್ಲಿ ಅವಳ ಅಣ್ಣ ತೀರಿಕೊಂಡಿದ್ದ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ.

“ಕಡೀಗೆ ಮುಖ ಆದ್ರೂ ನೋಡಬೇಕು, ತಮ್ಮಾ.”

ಹೊರಟರು. ದಾರಿಯಲ್ಲಿ ಬಂಕ್ ಬಂತು. ಲಾರಿಗಳ ಉದ್ದ ಸಾಲು.

“ಎಣ್ಣಿ ಹಾಕಿಸೋದಿದ್ರ ಹಾಕಿಸಪಾ.”

“ಬ್ಯಾಡವ್ವ. ಇದ್ದದ್ದು ನಿಮ್ಮೂರು ಮುಟ್ಟಿ ಮಿಗ್ತದ. ಈ ರಸ್ತಾ ನನಗ ಬಾಯಿಪಾಠ.”

ರಸ್ತೆ ಹಳೆಯದೇ. ಗಾಲಿ ಹೊಸದು. ಆ ದಪ್ಪ ಗಾಲಿಯನ್ನು ಉರುಳಿಸಲು ಎಂಜಿನ್ ಎಷ್ಟು ಏಗುತ್ತಿದೆಯೆಂದು ಅವನು ಯೋಚಿಸಲಿಲ್ಲ.

ಲಿಂಗಸುಗೂರು ದಾಟಿದ ಮೇಲೆ ಎರಡೂ ಕಡೆ ಬರೀ ಎರೆಹೊಲ. ಅಲ್ಲಿ ಎಂಜಿನ್ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ಸುಮ್ಮನಾಯಿತು. ಡೀಸೆಲ್ ತೀರಿತ್ತು.

ಹುಲಿಗೆವ್ವ ಇಳಿದು ಸೂರ್ಯನನ್ನು ನೋಡಿದಳು. ಸೆರಗು ಬಿಗಿದು ನಡೆಯತೊಡಗಿದಳು. ಮೌನೇಶ ಕಾರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಓಡಿದ. ಬಹಳ ಹೊತ್ತಿನ ಮೇಲೆ ಬಂದ ಟ್ರ್ಯಾಕ್ಟರೊಂದು ಇಬ್ಬರನ್ನೂ ಹತ್ತಿಸಿಕೊಂಡಿತು.

ಅವರು ಮುಟ್ಟಿದಾಗ ಜನ ಹಳ್ಳದಲ್ಲಿ ಕೈಕಾಲು ತೊಳೆದು ಹಿಂದಿರುಗುತ್ತಿದ್ದರು.

“ಭಾಳ ಕಾಯ್ದಿವಿ ಯವ್ವಾ,” ಎಂದ ಹಿರಿಯನೊಬ್ಬ. “ಹೊತ್ತು ಕೇಳಲಿಲ್ಲ.”

ಹುಲಿಗೆವ್ವ ಅಣ್ಣನನ್ನು ಹೂಳಿದ ಹಸಿ ಮಣ್ಣಿನ ಮೇಲೆ ಅಂಗೈ ಊರಿ ಕುಳಿತಳು. ತಲೆಯೆತ್ತಿ, “ಮುಖ ಹೆಂಗಿತ್ತು?” ಎಂದು ಆ ಹಿರಿಯನನ್ನು ಕೇಳಿದಳು.

“ನಿದ್ದಿ ಹತ್ತಿದಂಗ ಇತ್ತವ್ವ.”

ಮೌನೇಶ ಕ್ಷಮೆ ಕೇಳಲೆಂದೇ ಹತ್ತಿರ ಬಂದಿದ್ದ. ಆ ಮಾತು ಕೇಳಿದ ಮೇಲೆ ಚಪ್ಪಲಿ ಕಳಚಿ ಅವಳ ಹಿಂದೆ ನೆಲದ ಮೇಲೆ ಕುಳಿತ.

ನೀತಿ: ಅಂದಕ್ಕೆಂದು ಹಾಕಿಸಿದ್ದನ್ನು ಎಂಜಿನ್ ಎಳೆಯಬೇಕು; ಎಂಜಿನ್ ಸೋತರೆ ಅದರ ನೋವು ನಂಬಿ ಹತ್ತಿದವರಿಗೆ. ಗಾಲಿ ಬದಲಿಸಿದವನು ಹಳೆಯ ಲೆಕ್ಕವನ್ನು ನೆಚ್ಚಬಾರದು.