ಬೀಗರ ಊಟದ ಸಾರು

“ಗುರುಗಳೇ, ನೋವೇ ತಿಳಿಯದಂತೆ ಮಾಡುವ ಮದ್ದು ಇದೆಯೇ?”

ಕೇಳಿದವನನ್ನು ಸಾಕಿದ್ದು ಮಠದ ಅಡುಗೆಯ ಅಜ್ಜಿ. ಅವಳು ತೀರಿಕೊಂಡ ಮೇಲೆ ಅವನು ಸರಿಯಾಗಿ ಉಂಡಿರಲಿಲ್ಲ. ಅಂದೂ ಎಲೆ ಹಾಕಿದ್ದರು. ಅವನು ಉಣ್ಣದೆ ಎದ್ದು ಬಂದಿದ್ದ.

“ಇದೆ,” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಬಾಣಸಿಗನಿದ್ದ. ಅವನ ಅಡುಗೆಮನೆಯಲ್ಲಿ ಉಪ್ಪು ನೋಡುವ ನಾಲಿಗೆ ಒಂದೇ, ಅವನದು. ಬೇರೆ ಯಾರೂ ಅಂಗೈಗೆ ಸಾರು ಬಿಟ್ಟುಕೊಳ್ಳುವಂತಿರಲಿಲ್ಲ. ಮಗಳ ಮದುವೆಯಾಯಿತು. ಮರುದಿನ ಬೀಗರ ಊಟ. ತನ್ನ ಕೈರುಚಿಯೇ ಮಗಳಿಗೆ ಬಳುವಳಿ ಎಂದು ಅವನು ನಂಬಿದ್ದ. ಬೆಳಗ್ಗೆ ಎಂದಿನಂತೆ ಒಲೆ ಹಚ್ಚಿದ. ದವಡೆ ಹಲ್ಲು ಸಿಡಿಯತೊಡಗಿತು.

ನಾಟಿ ಮದ್ದಿನ ಮುದುಕಿ ಅಕ್ಕಲಕರ ಗಿಡದ ದುಂಡು ಹಳದಿ ಹೂಗಳನ್ನು ತಂದಳು. “ಒಂದೇ ಹೂವು ಸಾಕು, ನೋಯುವ ಹಲ್ಲಿನ ಮೇಲಷ್ಟೇ ಇಡು. ಜೊಲ್ಲು ಬಂದರೆ ಉಗುಳು, ನುಂಗಬೇಡ. ಜೋಮು ಬಿಡುವವರೆಗೆ ಏನನ್ನೂ ಬಾಯಿಗೆ ಹಾಕಬೇಡ. ಇದು ನೋವನ್ನು ಮಲಗಿಸುತ್ತದೆ, ಹಲ್ಲನ್ನು ವಾಸಿ ಮಾಡುವುದಿಲ್ಲ. ನಾಳೆ ಕೀಳಿಸಿಕೋ.”

“ಇಷ್ಟು ಹೂವಿಗೆ ಅಷ್ಟು ಮಾತೇ, ಅಜ್ಜಿ?” ಎಂದು ನಕ್ಕು, ಅವಳು ಅತ್ತ ಹೋದದ್ದೇ ಬಾಣಸಿಗ ಅಷ್ಟೂ ಹೂಗಳನ್ನು ಜಗಿದ.

ನೋವು ಹೋಯಿತು. ಹಾಡಿಕೊಳ್ಳುತ್ತಾ ಸಾರು ಕುದಿಸಿ ರುಚಿ ನೋಡಿದ. ಉಪ್ಪೇ ಇಲ್ಲ! ಹಾಕಿದ. ನೋಡಿದ, ಇನ್ನೂ ಇಲ್ಲ. ಮತ್ತೆ ಹಾಕಿದ. ಉಪ್ಪಿನ ಮಡಕೆ ಬರಿದಾಗುವುದನ್ನು ಸಹಾಯಕರು ಕಂಡರು. ಯಾರೂ ಬಾಯಿ ಬಿಡಲಿಲ್ಲ.

ಗಂಡಿನ ತಂದೆ ಮೊದಲ ತುತ್ತು ನುಂಗಿ, ಒಂದೇ ಉಸಿರಿಗೆ ಲೋಟದ ನೀರು ಕುಡಿದ. “ಬೀಗರೇ, ನಿಮ್ಮ ಉಪ್ಪಿನ ಋಣ ಏಳು ಜನ್ಮಕ್ಕೂ ತೀರುವಂತಿಲ್ಲ!”

ಪಂಕ್ತಿಯೇ ಗೊಳ್ಳೆಂದಿತು. ಬಾಣಸಿಗನ ಕೈಯಿಂದ ಸೌಟು ಜಾರಿತು. ಮಗಳ ಮುಖ ನೋಡಲಾರದೆ ನಿಂತ.

ಗಂಡಿನ ತಾಯಿ ಎದ್ದು ಸೆರಗು ಸಿಕ್ಕಿಸಿದಳು. “ನಕ್ಕಿದ್ದು ಸಾಕು. ಬಾರಮ್ಮ, ಬೇಳೆ ಬೇಯಿಸೋಣ.”

ಅತ್ತೆ ಸೊಸೆ ಸೇರಿ ಬೇಳೆ ಬೆರೆಸಿದರು, ನೀರು ಬೆರೆಸಿದರು. ಒಂದು ಕೊಪ್ಪರಿಗೆ ಸಾರು ಮೂರಾಯಿತು. ಉಣ್ಣಲು ಜನ ಸಾಲದೆ ಬೀದಿಯವರನ್ನೆಲ್ಲ ಕರೆದರು. ದಾರಿಹೋಕರೂ ಉಂಡು, ಮದುಮಕ್ಕಳನ್ನು ಹರಸಿ ಹೋದರು.

ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಬಾಣಸಿಗನ ಬಾಯಿಯ ಜೋಮು ಬಿಟ್ಟಿತು. ಹಲ್ಲು ಮತ್ತೆ ಸಿಡಿಯಿತು. ಒಂದು ಕೈಯಲ್ಲಿ ದವಡೆ ಹಿಡಿದುಕೊಂಡೇ, ತಳದಲ್ಲಿ ಉಳಿದಿದ್ದ ಸಾರನ್ನು ಇನ್ನೊಂದು ಅಂಗೈಗೆ ಬಿಟ್ಟುಕೊಂಡು ನೋಡಿದ. ಮಗಳ ಕೈಯ ಸಾರು. “ಹದವಾಗಿದೆ! ಉಪ್ಪು ಹದವಾಗಿದೆ!” ಎಂದು ಕಣ್ಣೀರು ಸುರಿಸುತ್ತಾ ಕುಣಿದ.

ಮರುದಿನ ಹಲ್ಲು ಕೀಳಿಸಿಕೊಂಡ.

ಗುರುಗಳು ಬೇಲಿಯ ಕಡೆ ಕೈ ತೋರಿಸಿದರು. “ಆ ಹೂವು ನಮ್ಮಲ್ಲೂ ಇದೆ. ಆದರೆ ಮೊದಲು ಉಂಡು ಬಾ. ಇಂದಿನ ಸಾರಿಗೆ ನಿನ್ನ ಅಜ್ಜಿ ಕುಟ್ಟಿಟ್ಟ ಪುಡಿ ಹಾಕಿದ್ದಾರೆ.”

ಶಿಷ್ಯ ಮರಳಿ ಎಲೆಯ ಮುಂದೆ ಕುಳಿತ. ಸಾರು ಇನ್ನೂ ಬಿಸಿಯಾಗಿತ್ತು.