ಬಳೆ ತೊಡದ ಬಳೆಗಾರ

"ಬುದ್ಧಿ, ನಾನಲ್ಲದವಳ ಮಾತನ್ನು ನಾನು ಹೇಗೆ ಬರೆಯಲಿ?" ಎಂದು ಶಿಷ್ಯ ಪಂಪಯ್ಯ ಗುರುಗಳನ್ನು ಕೇಳಿದ.

ಅವನು ಬರೆಯುತ್ತಿದ್ದದ್ದು ಹೆತ್ತ ಕೂಸನ್ನು ಯಾರದೋ ಜಗುಲಿಯ ಮೇಲೆ ಮಲಗಿಸಿ ಊರು ಬಿಟ್ಟ ಹೆಂಗಸೊಬ್ಬಳ ಕತೆ. ಅವನೋ ಮಠದಲ್ಲೇ ಬೆಳೆದ ಬ್ರಹ್ಮಚಾರಿ, ಒಂದು ಕೂಸನ್ನು ಎತ್ತಿ ಆಡಿಸಿದವನೂ ಅಲ್ಲ. ಕತೆಯ ಹೆಂಗಸು ಬಾಯಿ ತೆರೆದರೆ ಸಾಕು, ಮಠದ ಪಾಠವೇ ಹೊರಬೀಳುತ್ತಿತ್ತು. ಮೂರು ವರ್ಷದ ಬರಹವನ್ನು ಇವತ್ತು ಒಲೆಗೆ ಹಾಕುವುದೇ ಸೈ ಎಂದು ಕಟ್ಟನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಸುರಿ ಹೆಂಗಸು. ಎಳವೆಯಲ್ಲಿ ಮುರಿದ ಅವಳ ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು. ಏಳನೆಯ ತಿಂಗಳಲ್ಲಿ ಹಸಿರು ಬಳೆ ತೊಡಿಸಲು ಬಂದ ಬಳೆಗಾರ ಕಣ್ಣಳತೆಯಲ್ಲೇ ಬಳೆ ಆರಿಸಿ ಏರಿಸಿದ. ಅದು ಚೂರಾಯಿತು. ಇನ್ನೊಬ್ಬ ಬಂದ, ಅವನೂ ಒಡೆದ. ಅಪಶಕುನವೆಂದು ನೆರೆದವರು ಪಿಸುಗುಟ್ಟಿದರು. ಅವಳು ಹೆದರಿ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

ಮೂರನೆಯವನು ಒಬ್ಬ ಮುದುಕ, ಕೊರಡಿನಂಥ ಕೈಯವನು. ಅವನು ಬಳೆ ಮುಟ್ಟಲೇ ಇಲ್ಲ. ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ಹಿಡಿದೇ ಕುಳಿತ. ಆಮೇಲೆ ಹೆಬ್ಬೆರಳನ್ನು ಅಂಗೈಗೆ ಮಡಚಿ, ಅವಳ ಮುಖವನ್ನೇ ನೋಡುತ್ತ ಬಳೆ ಏರಿಸಿದ. ಸೊಟ್ಟ ಮೂಳೆಯ ಹತ್ತಿರ ಬಳೆ ಬಂದಾಗ ನೋವಿನಿಂದ ಮುಖ ಹಿಂಡಿಕೊಂಡವನು ಅವನು, ಅವಳಲ್ಲ. ನೆರೆದವರು ಬೆರಗಾಗಿ ಪಿಸುಮಾತು ಮರೆತರು. ಒಂದೂ ಒಡೆಯದೆ ಕೈತುಂಬ ಬಳೆ ಏರಿದವು.

"ಅಜ್ಜಾ, ಒಂದಿನವೂ ಬಳೆ ತೊಟ್ಟವನಲ್ಲ ನೀನು. ನನಗೆ ಎಲ್ಲಿ ನೋಯ್ತದೆ ಅಂತ ನಿನಗೆ ಹೆಂಗೆ ಗೊತ್ತಿತ್ತು?" ಎಂದಳು ಅವಳು.

"ಗೊತ್ತಿರಲಿಲ್ಲ ಕಣವ್ವಾ," ಎಂದ ಮುದುಕ. "ಗೊತ್ತು ಅಂದ್ಕೊಂಡಿದ್ರೆ ನಾನೂ ಒಡೆದುಬಿಡ್ತಿದ್ದೆ."

ಕತೆ ಅಲ್ಲಿಗೆ ಮುಗಿಯಿತು. ಆದರೂ ಪಂಪಯ್ಯ ಪಟ್ಟು ಬಿಡಲಿಲ್ಲ.

"ಅವನಿಗೆ ಹಿಡಿಯಲು ಒಂದು ಕೈಯಾದರೂ ಇತ್ತು ಬುದ್ಧಿ. ನನ್ನವಳು ಎಲ್ಲೂ ಇಲ್ಲ, ಬರೀ ಕಲ್ಪನೆ. ಸದ್ದಿಗೆ ಕೂಸು ಎದ್ದೀತೆಂದು ಕಾಲುಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಾಳೆ. ರವಿಕೆಯೆಲ್ಲ ಹಾಲಿನಿಂದ ಒದ್ದೆ. ಬೀದಿಯ ತಿರುವಿಗೆ ಬಂದಾಗ ಹಿಂದೆ ಕೂಸು..."

ಮುಂದೆ ಮಾತು ಹೊರಡಲಿಲ್ಲ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಎಲ್ಲೂ ಇಲ್ಲದವಳಿಗಾಗಿ ನಿನ್ನ ಗಂಟಲು ಯಾಕಪ್ಪಾ ಕಟ್ಟಿತು?"