ಮಾರ್ಗಶಿರದ ಯಜಮಾನ

ಬಯಲುಸೀಮೆಯ ಒಂದು ಹುಲ್ಲುಗಾವಲು, ಅದರ ನಡುವೆ ಒಂದು ಕೊಳ. ಅಲ್ಲೊಂದು ಜಿಂಕೆಗಳ ಹಿಂಡಿತ್ತು, ಮಕ್ಕಳೇ. ಆಚೆಯ ಕುರುಚಲಿನಲ್ಲಿ ತೋಳವೂ ಇತ್ತು. ಹಾಗಾಗಿ ಹಿಂಡು ನೀರು ಕುಡಿಯುವಾಗ ಒಬ್ಬರು ತಲೆಯೆತ್ತಿ ಕಾವಲು ನಿಲ್ಲಬೇಕು. ಇವತ್ತು ನೀನು, ನಾಳೆ ನಾನು.

ಆ ಹಿಂಡಿನಲ್ಲಿ ತಿರುಗೊಂಬ ಅಂತ ಒಬ್ಬ ಗಂಡು ಜಿಂಕೆ. ಅವನಿಗೆ ತನ್ನ ತಿರುಚು ಕೊಂಬಿನ ಮೇಲೆ ಇನ್ನಿಲ್ಲದ ಮೋಹ. ಒಂದು ದಿನ ಕೊಳದ ಮುದಿ ಆಮೆಯನ್ನು ಕೇಳಿದ, "ಅಜ್ಜೀ, ಈ ತಿಂಗಳಿಗೆ ಮಾರ್ಗಶಿರ ಅಂತ ಯಾಕೆ ಹೆಸರು ಬಂತು?"

"ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಹತ್ತಿರ ನಿಲ್ತಾನೋ ಅದರ ಹೆಸರೇ ತಿಂಗಳಿಗೆ ಕಣಪ್ಪಾ. ಚಿತ್ತಾ ಹತ್ತಿರ ನಿಂತರೆ ಚೈತ್ರ, ಕೃತ್ತಿಕೆ ಹತ್ತಿರ ನಿಂತರೆ ಕಾರ್ತಿಕ. ಈ ತಿಂಗಳು ಮೃಗಶಿರಾ, ಅಂದರೆ ಜಿಂಕೆಯ ತಲೆ. ಆದರೆ ಅದು..."

ಉಳಿದದ್ದನ್ನು ಕೇಳೋರು ಯಾರು! "ಜಿಂಕೆಯ ತಲೆ! ಅಂದರೆ ನನ್ನ ತಲೆ!" ಅಂತ ತಿರುಗೊಂಬ ನೆಗೆದೇ ಬಿಟ್ಟ.

ಮರುದಿನದಿಂದ ಅವನ ಗತ್ತೇ ಬೇರೆ. "ಇದು ನನ್ನ ತಿಂಗಳು. ಕೊಳದಲ್ಲಿ ನಾನು ಮುಖ ನೋಡಿಕೊಂಡು ಕುಡಿದ ಮೇಲೆಯೇ ಉಳಿದವರು. ಅದಕ್ಕೆ ಮುಂಚೆ ನೀರು ಕದಡಿದರೆ ಹುಷಾರ್!"

"ಅಲ್ಲಾ ರೀ, ಹುಣ್ಣಿಮೆ ದಿನ ಕಾವಲು ನಿಮ್ಮದು," ಎಂದು ಹೆಂಡತಿ ಕೆಂಪಿ ನೆನಪಿಸಿದಳು.

"ಯಜಮಾನ ಕಾವಲು ಕಾಯೋದುಂಟೇನೇ?"

ಹುಣ್ಣಿಮೆ ಬಂತು. ಇತ್ತ ಸೂರ್ಯ ಇಳಿದ, ಅತ್ತ ಚಂದ್ರ ಎದ್ದ. ತಿರುಗೊಂಬ ನೀರಿಗೆ ಬಾಗಿ ಕೊಂಬು ನೋಡಿದ. ಎಡಕ್ಕೆ ಹೊರಳಿ ನೋಡಿದ, ಬಲಕ್ಕೆ ಹೊರಳಿ ನೋಡಿದ. ಹಿಂಡು ಬಾಯಾರಿ ಕಾಯುತ್ತಲೇ ಇತ್ತು. ಕಾವಲಿನ ದಿಬ್ಬದ ಮೇಲೆ ಯಾರೂ ಇರಲಿಲ್ಲ. ಅವನ ಪುಟ್ಟ ಮಗಳು ಗುಜ್ಜಿ ತಡೆಯಲಾರದೆ ಆಚೆ ದಡಕ್ಕೆ ಹೋಗಿ ನೀರಿಗೆ ಬಾಯಿಟ್ಟಳು.

ಕುರುಚಲಿನಿಂದ ತೋಳ ಹಾರಿತು!

ಕೆಂಪಿ ಚೀರಿದಳು. ತಿರುಗೊಂಬ ಎದ್ದೆನೋ ಬಿದ್ದೆನೋ ಅಂತ ಓಡಿ ತೋಳಕ್ಕೆ ಗುದ್ದಿದ. ತೋಳ ಕಾಲಿಗೆ ಬುದ್ಧಿ ಹೇಳಿತು. ಗುಜ್ಜಿಯ ಜೀವ ಉಳಿಯಿತು, ಆದರೆ ಒಂದು ಕಿವಿ ಹರಿದಿತ್ತು.

"ಅಪ್ಪಾ, ನೀನು ನೋಡ್ತಾ ಇರಲಿಲ್ವಾ?" ಎಂದಳು ಅವಳು ಬಿಕ್ಕುತ್ತಾ.

ತಿರುಗೊಂಬ ನಾಚಿಕೆಯಿಂದ ತಲೆ ತಗ್ಗಿಸಿ ಅವಳ ಹರಿದ ಕಿವಿಯನ್ನು ನೆಕ್ಕಿದ.

ಆಮೆಯಜ್ಜಿ ಮೆಲ್ಲಗೆ ದಡ ಹತ್ತಿ ಬಂದಳು. "ಆವತ್ತು ನನ್ನ ಮಾತು ಮುಗಿದಿರಲಿಲ್ಲ ಕಣಪ್ಪಾ. ಈಗ ತಲೆಯೆತ್ತಿ ನೋಡು."

ಅವನು ನೋಡಿದ. ತುಂಬಿದ ಚಂದ್ರ, ಸುತ್ತ ಕೊನೆಯೇ ಇಲ್ಲದ ಆಕಾಶ. ಚಂದ್ರನ ಪಕ್ಕದಲ್ಲೇ ಮೂರು ಪುಟ್ಟ ಚುಕ್ಕೆಗಳು, ಕಣ್ಣು ಕಿರಿದು ಮಾಡಿದರಷ್ಟೇ ಕಾಣುವಂಥವು. ಇಷ್ಟು ದಿನ ನೀರನ್ನೇ ನೋಡುತ್ತಿದ್ದವನಿಗೆ ಮೈ ಜುಮ್ಮೆಂದಿತು.

"ಅಬ್ಬಾ! ಅದೇನಾ ಜಿಂಕೆಯ ತಲೆ? ಎಷ್ಟು ಕಾಲದಿಂದ ಅಲ್ಲಿದೆ ಅಜ್ಜೀ?"

"ನಮ್ಮಜ್ಜಿಯ ಅಜ್ಜಿ ಮೊಟ್ಟೆಯಲ್ಲಿದ್ದಾಗಲೂ ಅಲ್ಲೇ ಇತ್ತು."

"ಒಂದು ವರ್ಷವೂ ತಪ್ಪಿಸಿಲ್ಲವೇ?"

"ಇಲ್ಲಪ್ಪಾ. ಈ ಹುಣ್ಣಿಮೆಗೆ ಚಂದ್ರ ಬರುವ ಹೊತ್ತಿಗೆ ತನ್ನ ಜಾಗದಲ್ಲಿ ನಿಂತೇ ಇರುತ್ತೆ. ಅದಕ್ಕೇ ತಿಂಗಳಿಗೆ ಅದರ ಹೆಸರು."

ತಿರುಗೊಂಬ ದಿಬ್ಬ ಹತ್ತಿ ಕಾವಲು ನಿಂತ. ಹಿಂಡು ನೆಮ್ಮದಿಯಾಗಿ ನೀರು ಕುಡಿಯಿತು.

"ರೀ, ನೀವೂ ಬನ್ನಿ," ಎಂದು ಕೆಂಪಿ ಕರೆದಳು.

"ಮೊದಲು ಎಲ್ಲರದೂ ಆಗಲಿ ಕಣೇ," ಎಂದ ಅವನು, ಎತ್ತಿದ ತಲೆಯನ್ನು ಇಳಿಸದೆ.

ನೀತಿ: ಹೆಸರು ದೊಡ್ಡದೆಂದು ಬೀಗುವುದರಲ್ಲಿ ಹಿರಿತನವಿಲ್ಲ, ನಮ್ಮ ಪಾಲಿನ ಕೆಲಸವನ್ನು ತಪ್ಪದೆ ಮಾಡುವುದರಲ್ಲಿದೆ.